ಕ್ರೇಫೆಲ್ಡ್ ಮೇಳಕ್ಕೆ ಬದಿಯಡ್ಕದ ಪ್ರೇಕ್ಷಕ

ಜರ್ಮನಿಯ ಪವರ್ ಮೆಟಲ್ ಬ್ಯಾಂಡ್ ಬ್ಲೈಂಡ್ ಗಾರ್ಡಿಯನ್‌ನ 'ದಿ ಗಾಡ್ ಮಷೀನ್' ಆಲ್ಬಮ್ ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಅದರ ಬಗ್ಗೆ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. 'ಅಬ್ಬಾ, ನಮ್ಮ ಹಳೇ ಬ್ಯಾಂಡ್ ವಾಪಸ್ ಬಂತು' ಎಂದು ಕುಣಿದವರು ಒಂದು ಕಡೆ. 'ಇಷ್ಟು ವರ್ಷ ಮುಂದಕ್ಕೆ ನಡೆದವರು ಈಗ ಯಾಕಪ್ಪಾ ಹಿಂದಕ್ಕೆ ತಿರುಗಿದರು' ಎಂದು ಮುಖ ಸಿಂಡರಿಸಿದವರು ಇನ್ನೊಂದು ಕಡೆ. ಮೂರನೇ ಪಂಗಡವೂ ಒಂದಿದೆ. ಅವರು 1998ರ ನಂತರ ಈ ಬ್ಯಾಂಡಿನ ಏನನ್ನೂ ಸರಿಯಾಗಿ ಕೇಳಿಲ್ಲ. ಆದರೆ ಮಾತು ಮಾತ್ರ ಎಲ್ಲರಿಗಿಂತ ಜಾಸ್ತಿ.

ನನ್ನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಪತ್ರಿಕೆಯವರು ನಮ್ಮನ್ನು ಹೊರನಾಡ ಕನ್ನಡಿಗರ ಪಟ್ಟಿಗೆ ಸೇರಿಸುತ್ತಾರೆ. ನಾವು ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ರಂದು ಗೆರೆ ಎಳೆದಾಗ ಈಚೆ ಬದಿಯಲ್ಲಿ ಉಳಿದೆವು, ಅಷ್ಟೇ. ಈ ಕಡೆ ಪವರ್ ಮೆಟಲ್ ಕೇಳುವವರನ್ನು ಬೆರಳಲ್ಲಿ ಎಣಿಸಬಹುದು. ಆದರೆ ಕಲಾವಿದರ ಪಕ್ಷ ಕಟ್ಟಿಕೊಂಡು ವಾದ ಮಾಡುವುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಕುಂಬಳೆ ಸೀಮೆಯವರು ನಾವು, ಪಾರ್ತಿಸುಬ್ಬನ ಊರಿನವರು. ಯಕ್ಷಗಾನದ ರಾಮಾಯಣ ಪ್ರಸಂಗಗಳು ಅವನವೇ ಎಂದು ಎದೆ ತಟ್ಟಿ ಹೇಳುತ್ತೇವೆ. ಶಿವರಾಮ ಕಾರಂತರು ಅದನ್ನು ಒಪ್ಪಲಿಲ್ಲ ಎಂದು ಇವತ್ತಿಗೂ ಸಿಟ್ಟು ಮಾಡುವ ಹಿರಿಯರು ಇಲ್ಲಿದ್ದಾರೆ.

ಹಾಗಾಗಿ ಈ ಜರ್ಮನ್ ಬ್ಯಾಂಡಿನ ಅಭಿಮಾನಿಗಳ ಜಗಳವನ್ನು ನಾನು ನೋಡುವುದೂ ಆಟದ, ಅಂದರೆ ಯಕ್ಷಗಾನದ, ಪ್ರೇಕ್ಷಕನ ಕಣ್ಣಲ್ಲೇ. ಒಂದು ರೆಕಾರ್ಡು ಕೇಳಿ ಇಡೀ ಬ್ಯಾಂಡಿನ ಜಾತಕ ಬರೆದುಬಿಡುವುದು ಅವರ ಅಭ್ಯಾಸ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ನಾವು ಒಳ್ಳೆಯವರು ಎಂದಲ್ಲ. ನಮ್ಮ ಕಲೆ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ.

ಪವರ್ ಮೆಟಲ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1980ರ ದಶಕದಲ್ಲಿ ಜರ್ಮನಿಯಲ್ಲಿ ಬೆಳೆದ ಸಂಗೀತ ಇದು. ಹ್ಯಾಂಬರ್ಗಿನ ಹೆಲೋವೀನ್ ಬ್ಯಾಂಡ್ 1987 ಮತ್ತು 1988ರಲ್ಲಿ 'ಕೀಪರ್ ಆಫ್ ದಿ ಸೆವೆನ್ ಕೀಸ್' ಎಂಬ ಹೆಸರಲ್ಲಿ ಎರಡು ಭಾಗ ಹೊರತಂದಿತು. ಅಲ್ಲಿಂದ ದಾರಿ ಸ್ಪಷ್ಟವಾಯಿತು. ಎರಡೂ ಕಾಲಲ್ಲಿ ಬಾಸ್ ಡ್ರಮ್ ತುಳಿಯುತ್ತಾ ಓಡುವ ಲಯ, ಏರು ಕಂಠ, ಸಭೆಯೇ ಎದ್ದು ನಿಂತು ಹಾಡಬಹುದಾದ ಪಲ್ಲವಿ. ಕಥೆಗಳೋ ರಾಜರದು, ಯುದ್ಧದ್ದು, ಶಾಪದ್ದು, ವಿಧಿಯದ್ದು. ನಮ್ಮ ಕಡೆಯವನಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಗೆಳೆಯನೊಬ್ಬ ಕಾಪಿ ಮಾಡಿದ ಕ್ಯಾಸೆಟ್ ಕೊಟ್ಟಿದ್ದ. ಸಂಜೆಯ ರೈಲಿನಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ ದಾಟುತ್ತಾ ವಾಕ್‌ಮನ್‌ನಲ್ಲಿ ಕೇಳಿದೆ. ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಯಾರೋ ಯಾರ ಮೇಲೋ ದಂಡೆತ್ತಿ ಹೋಗುತ್ತಿದ್ದಾರೆ ಎಂದು ಮಾತ್ರ ಗೊತ್ತಾಯಿತು.

ಬ್ಲೈಂಡ್ ಗಾರ್ಡಿಯನ್ ಕ್ರೇಫೆಲ್ಡ್ ಎಂಬ ಊರಿನವರು. 1984ರಲ್ಲಿ ಲೂಸಿಫರ್ಸ್ ಹೆರಿಟೇಜ್ ಎಂಬ ಹೆಸರಲ್ಲಿ ಶುರು ಮಾಡಿದರು. ಹೆಸರು ಬದಲಿಸಿಕೊಂಡು 1988ರಲ್ಲಿ 'ಬೆಟಾಲಿಯನ್ಸ್ ಆಫ್ ಫಿಯರ್' ತಂದರು. ಹಾಡುವವರು ಹ್ಯಾನ್ಸಿ ಕ್ಯೂರ್ಷ್. ಮೊದಮೊದಲು ಬಾಸ್ ಗಿಟಾರೂ ಅವರದ್ದೇ. ಆಂಡ್ರೆ ಓಲ್‌ಬ್ರಿಕ್ ಮತ್ತು ಮಾರ್ಕಸ್ ಸೀಪನ್ ಗಿಟಾರ್. ಥೋಮನ್ ಸ್ಟೌಖ್ ಡ್ರಮ್. 1992ರಲ್ಲಿ 'ಸಮ್‌ವೇರ್ ಫಾರ್ ಬಿಯಾಂಡ್', 1995ರಲ್ಲಿ 'ಇಮ್ಯಾಜಿನೇಷನ್ಸ್ ಫ್ರಮ್ ದಿ ಅದರ್ ಸೈಡ್', 1998ರಲ್ಲಿ 'ನೈಟ್‌ಫಾಲ್ ಇನ್ ಮಿಡ್ಲ್-ಅರ್ತ್'. ಟೋಲ್ಕಿನ್ನನ 'ಸಿಲ್ಮರಿಲಿಯನ್' ಪುಸ್ತಕದ ಕಥೆಯನ್ನು ಪ್ರಸಂಗ ಕಟ್ಟಿದ ಹಾಗೆ ಕಟ್ಟಿ, ನಡುನಡುವೆ ಮಾತಿನ ತುಣುಕು ಇಟ್ಟು ಮಾಡಿದ ಆಲ್ಬಮ್ ಅದು. ಇಲ್ಲಿಯವರೆಗೆ ಅಭಿಮಾನಿಗಳಲ್ಲಿ ದೊಡ್ಡ ತಕರಾರು ಇರಲಿಲ್ಲ.

ತಕರಾರು ಹುಟ್ಟಿದ್ದು 2002ರಲ್ಲಿ. 'ಎ ನೈಟ್ ಅಟ್ ದಿ ಓಪೆರಾ' ಎಂದು ಹೆಸರಿಟ್ಟರು. ಕ್ವೀನ್ ಬ್ಯಾಂಡಿನ 1975ರ ಆಲ್ಬಮ್ಮಿಗೂ ಇದೇ ಹೆಸರು. ಹೆಸರಿನ ಜೊತೆಗೆ ಕ್ವೀನ್‌ನವರ ದನಿ ಮೇಲೆ ದನಿ ಕೂರಿಸುವ ಚಪಲವೂ ಬಂತು. ಹ್ಯಾನ್ಸಿ ಒಬ್ಬರೇ ಹತ್ತಾರು ಜನರಾಗಿ ಹಾಡುತ್ತಾರೆ. ಅದರ ಹಿಂದೆ ಗಿಟಾರಿನ ಎಳೆ, ಅದರ ಹಿಂದೆ ಇನ್ನೊಂದು ಎಳೆ. ಮೊದಲ ಸಲ ಕೇಳಿದರೆ ತಲೆ ಗಿಂವ್ ಅನ್ನುತ್ತದೆ. ಕೊನೆಗೆ ಟ್ರಾಯ್ ಯುದ್ಧದ ಮೇಲೆ ಒಂದು ಹಾಡು, ಹದಿನಾಲ್ಕು ನಿಮಿಷದ್ದು. 'ಇದು ಮೆಟಲ್ಲೇ ಅಲ್ಲ' ಎಂದು ಕೆಲವರು ಆವತ್ತೇ ಎದ್ದು ಹೋದರು. ಡ್ರಮ್ ನುಡಿಸುತ್ತಿದ್ದ ಥೋಮನ್ನರಿಗೂ ಬ್ಯಾಂಡ್ ಹೋಗುವ ದಾರಿ ಹಿಡಿಸಲಿಲ್ಲ. 2005ರಲ್ಲಿ ಅವರೂ ಹೊರಗೆ ಬಂದರು.

ಇದರ ಮುಂದಿನ ಭಾಗ ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು. ಥೋಮನ್ ಸ್ಯಾವೇಜ್ ಸರ್ಕಸ್ ಎಂಬ ಬ್ಯಾಂಡ್ ಕಟ್ಟಿದರು. ಸ್ವೀಡನ್ನಿನ ಪರ್ಸುವೇಡರ್ ಬ್ಯಾಂಡಿನ ಯೆನ್ಸ್ ಕಾರ್ಲ್‌ಸನ್ನರನ್ನು ಹಾಡಲು ಕರೆದರು. ಕಣ್ಣು ಮುಚ್ಚಿ ಕೇಳಿದರೆ ಹ್ಯಾನ್ಸಿಯದ್ದೇ ದನಿ. ಅದೇ ವರ್ಷ, 2005ರಲ್ಲೇ, 'ಡ್ರೀಮ್‌ಲ್ಯಾಂಡ್ ಮ್ಯಾನರ್' ಬಂತು. ತೊಂಬತ್ತರ ದಶಕದ ಬ್ಲೈಂಡ್ ಗಾರ್ಡಿಯನ್ ಹೇಗಿತ್ತೋ ಹಾಗೇ. ಹಳೇ ಶೈಲಿ ಬೇಕು, ಹಳೇ ಶೈಲಿ ಬೇಕು ಎಂದು ಬಾಯಿ ಬಡಿದುಕೊಂಡವರಿಗೆ ಕೇಳಿದ್ದೇ ತಟ್ಟೆಗೆ ಬಂದು ಬಿತ್ತು. ಏನಾಯಿತು? ಮೆಚ್ಚಿದರು, ತಲೆದೂಗಿದರು, ಮತ್ತೆ ಬ್ಲೈಂಡ್ ಗಾರ್ಡಿಯನ್ನಿನ ಮುಂದಿನ ಆಲ್ಬಮ್ ಯಾವಾಗ ಎಂದು ಕೇಳಿದರು. ಸ್ಯಾವೇಜ್ ಸರ್ಕಸ್‌ನ ಎರಡನೇ ಆಲ್ಬಮ್ 2009ರಲ್ಲಿ ಬರುವಾಗ ಸ್ವತಃ ಥೋಮನ್ ಅದರಲ್ಲಿ ಇರಲಿಲ್ಲ.

ಯಕ್ಷಗಾನದ ಹಾಡುಗಾರ ಬಲಿಪ ನಾರಾಯಣ ಭಾಗವತರ ಪದ ಕೇಳಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ನಮ್ಮ ಪಡ್ರೆಯವರು. ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ, ಮೊಮ್ಮಗನ ಹೆಸರೂ ಅದೇ. ಮೊಮ್ಮಗ ಅಜ್ಜನ ದಾರಿ ಬಿಡಲಿಲ್ಲ. ಸುತ್ತಲಿನವರು ಹೊಸ ರಾಗ ತಂದರು, ಒಂದು ಪದವನ್ನು ಎಳೆದು ಎಳೆದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಇವರು ಮಾತ್ರ ಕಥೆ ನಿಲ್ಲದ ಹಾಗೆ, ಹಳೇ ಮಟ್ಟಿನಲ್ಲೇ, ಎತ್ತರದ ದನಿಯಲ್ಲಿ ಹೇಳಿದರು. 2023ರಲ್ಲಿ ತೀರಿಕೊಳ್ಳುವವರೆಗೂ 'ಬಲಿಪ ಶೈಲಿ' ಅಂದರೆ ಒಂದು ಅಳತೆಗೋಲೇ ಆಗಿತ್ತು. ಅವರಂತೆ ಹೇಳಲು ಹೋದವರು ಎಷ್ಟೋ ಜನ. ಕೆಲವರದು ದನಿಯೂ ಸರಿ, ಮಟ್ಟೂ ಸರಿ. ಆದರೂ ಕೇಳಿ ಬಂದವರು 'ಬಲಿಪರ ಹಾಗೆಯೇ ಹೇಳ್ತಾರೆ' ಅಂದು ಅಲ್ಲಿಗೇ ನಿಲ್ಲಿಸುತ್ತಾರೆ. ಹೊಗಳಿಕೆಯ ಹಾಗೆ ಕೇಳುತ್ತದೆ, ಆದರೆ ಅದರಲ್ಲಿ ಹೊಗಳಿಕೆ ಇಲ್ಲ. ಅಭಿಮಾನಿಗೆ ಹಳೆಯದು ಬೇಕು ಅಂದರೆ ಆ ಶೈಲಿ ಬೇಕು ಎಂದು ತಿಳಿಯಬಾರದು. ಅವನಿಗೆ ಬೇಕಾದದ್ದು ಅದೇ ಮನುಷ್ಯ, ಅದೇ ಕಂಠ, ಸಾಧ್ಯವಾದರೆ ತನ್ನ ಇಪ್ಪತ್ತನೇ ವಯಸ್ಸೂ. ಕೊನೆಯದನ್ನು ಯಾವ ಬ್ಯಾಂಡಿನವರು ಕೊಡಲಿಕ್ಕಾಗುತ್ತದೆ ಹೇಳಿ?

'ದಿ ಗಾಡ್ ಮಷೀನ್'ಗೆ ಬರುತ್ತೇನೆ. ಒಂಬತ್ತು ಹಾಡು, ಐವತ್ತು ನಿಮಿಷದ ಆಸುಪಾಸು. ಹಿಂದಿನ ಎರಡು ಆಲ್ಬಮ್‌ಗಳಲ್ಲಿ ತುಂಬಿ ತುಳುಕುತ್ತಿದ್ದ ಆರ್ಕೆಸ್ಟ್ರಾ ಇದರಲ್ಲಿ ಹಿಂದೆ ಸರಿದಿದೆ. ಗಿಟಾರು, ಡ್ರಮ್ಮು, ದನಿ ಮುಂದೆ ಬಂದಿವೆ. ಕಥೆಗಳಂತೂ ಎಂದಿನ ಹಾಗೆ ಬೇರೆ ಬೇರೆ ಪುಸ್ತಕ, ಧಾರಾವಾಹಿಗಳಿಂದ ಎತ್ತಿದ್ದು. ಒಂದು ಹಾಡು ಅಮೆರಿಕದ ಸೇಲಂ ಊರಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ವಿಚಾರಣೆಗೆ ಎಳೆದದ್ದರ ಬಗ್ಗೆ. ಕೊನೆಯ ಹಾಡು ಆಂಡರ್ಸನ್ನನ ಹಿಮಕನ್ಯೆಯ ಕಥೆಯದ್ದು.

ಮೊನ್ನೆ ಬೇಸಗೆಯಲ್ಲಿ ಇದನ್ನು ನಮ್ಮ ಜಗಲಿಯಲ್ಲೇ ಕೇಳಿದ್ದಾಯಿತು. ಅಕ್ಕನ ಮನೆಯವರು ಬಂದಿದ್ದರು. ಒಣಗಿದ ಅಡಿಕೆ ಸುಲಿಯಲಿಕ್ಕೆ ಕೂತಿದ್ದೆವು. ಒಂದು ಬದಿಯಲ್ಲಿ ಸಿಪ್ಪೆಯ ರಾಶಿ, ಇನ್ನೊಂದು ಬದಿಯಲ್ಲಿ ಗೋಣಿ. ಅಳಿಯ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನು ತನ್ನ ಚಿಕ್ಕ ಸ್ಪೀಕರನ್ನು ಕಿಟಕಿಯ ಮೇಲಿಟ್ಟು ಆಲ್ಬಮ್ಮನ್ನು ಮೊದಲಿನಿಂದ ಹಾಕಿದ. ಭಾವ ಹವ್ಯಾಸಿ ಮದ್ದಳೆಗಾರರು. ಊರಿನ ತಾಳಮದ್ದಳೆ ಕೂಟ, ಶಾಲೆಯ ಆಟ ಎಂದರೆ ಅವರೇ. ಅವರು ಕತ್ತಿಗೆ ಅಡಿಕೆ ಒತ್ತುತ್ತಾ ಮಾತಾಡದೆ ಕೇಳಿದರು. ನಾಲ್ಕನೆಯ ಹಾಡು, 'ವಯಲೆಂಟ್ ಶ್ಯಾಡೋಸ್', ಮುಗಿಯುವಾಗ ಕೈ ನಿಲ್ಲಿಸಿದರು.

"ಎಂತ ಭಾವ ಇದು? ಚೆಂಡೆಯವ ಬಿಡುವುದೇ ಇಲ್ಲವಲ್ಲ. ಶುರುವಿನಿಂದ ಏರು ಪದವೇ ಹೇಳಿದರೆ ಏರಿದ್ದು ಅಂತ ಗೊತ್ತಾಗುವುದು ಹೇಗೆ?"

ಅಳಿಯನಿಗೆ ಸಿಟ್ಟು ಬಂತು. "ಅಪ್ಪ, ಅದು ಹಾಗೇ ಇರಬೇಕು. ಅದಕ್ಕೇ ಅಲ್ವಾ ಎಲ್ಲರೂ ಇಷ್ಟಪಟ್ಟದ್ದು?"

"ಇಷ್ಟಪಡಲಿ. ನಾನು ಬೇಡ ಅಂದೆನಾ? ಕಥೆ ಎಲ್ಲಿಗೆ ಮುಟ್ಟಿತು ಅಂತ ಕೇಳಿದೆ."

ನಾನು ಮಧ್ಯೆ ಬಾಯಿ ಹಾಕಲಿಲ್ಲ. ಅಳಿಯ ಫೋನ್ ಕೆಳಗಿಟ್ಟು ಹೋದ ಮೇಲೆ 2002ರ ಆ ಟ್ರಾಯ್ ಹಾಡು ಹಾಕಿದೆ. ಭಾವ ಹದಿನಾಲ್ಕು ನಿಮಿಷವೂ ಕೇಳಿದರು. ನಡುವೆ ಲಯ ಇಳಿದು ದನಿಗಳು ಮಾತ್ರ ಉಳಿಯುವ ಜಾಗದಲ್ಲಿ ಮೊಣಕಾಲಿನ ಮೇಲೆ ಬೆರಳಾಡಿಸಿದರು. "ಇದರಲ್ಲಿ ಜಾಗ ಉಂಟು" ಅಂದರು. ಅಷ್ಟೇ. ಮತ್ತೆ ಅಡಿಕೆ.

ನನ್ನ ಅಭಿಪ್ರಾಯವೂ ಅದೇ, ಆದರೆ ನಾನಾಗಿ ಇಷ್ಟು ಚುಟುಕಾಗಿ ಹೇಳುತ್ತಿರಲಿಲ್ಲ. 'ದಿ ಗಾಡ್ ಮಷೀನ್' ಕೆಟ್ಟ ಆಲ್ಬಮ್ ಖಂಡಿತ ಅಲ್ಲ. ಐವತ್ತು ದಾಟಿದವರು ಈ ವೇಗದಲ್ಲಿ ನುಡಿಸುವುದೇ ದೊಡ್ಡದು. 'ಸೀಕ್ರೆಟ್ಸ್ ಆಫ್ ದಿ ಅಮೆರಿಕನ್ ಗಾಡ್ಸ್' ಎಂಬ ಮೂರನೇ ಹಾಡು ನಿಧಾನವಾಗಿ ಹೆಜ್ಜೆ ಇಟ್ಟು, ದನಿ ಮೇಲೆ ದನಿ ಸೇರಿಸಿ, ಒಂದು ದೊಡ್ಡ ಪಲ್ಲವಿಗೆ ಬಂದು ನಿಲ್ಲುತ್ತದೆ. ಅದೊಂದಕ್ಕೇ ಪೂರ್ತಿ ಮಾರ್ಕು ಕೊಡಬಹುದು. ಗಮನಿಸಿ, ಅದು ಹಳೇ ಶೈಲಿಯ ಹಾಡು ಅಲ್ಲವೇ ಅಲ್ಲ. 2002ರಿಂದ ಈಚೆಗೆ ಅವರು ಕಲಿತದ್ದೆಲ್ಲ ಅದರಲ್ಲಿದೆ. 'ಹಳೇ ಬ್ಯಾಂಡ್ ವಾಪಸ್ ಬಂತು' ಎಂದವರು ಹೆಚ್ಚು ಕೊಂಡಾಡಿದ್ದು ವೇಗದ ಹಾಡುಗಳನ್ನು. ನನಗೆ ಅವೇ ಸಪ್ಪೆ. ಓಡುತ್ತವೆ, ಮುಗಿಯುತ್ತವೆ. ಆಟದಲ್ಲಿ ಅಭಿಮನ್ಯುವಿನಂಥ ಎಳೆಯ ವೀರನ ಪುಂಡುವೇಷದವನು ಹಾರಿ ಸುತ್ತುತ್ತಾ ಧಿಗಿಣ ಹಾಕುವಾಗ ಎದುರಿನ ಸಾಲಿನ ಹುಡುಗರು ಸುತ್ತು ಎಣಿಸಿ ಶಿಳ್ಳೆ ಹೊಡೆಯುತ್ತಾರಲ್ಲ, ಆ ಜಾತಿಯ ಮೆಚ್ಚುಗೆ ಇದು. ಧಿಗಿಣ ಬೇಡ ಅನ್ನುವುದಿಲ್ಲ. ಆದರೆ ಅಭಿಮನ್ಯು ಯಾಕೆ ಸತ್ತ ಎಂಬುದು ಸುತ್ತಿನ ಲೆಕ್ಕದಲ್ಲಿ ಇಲ್ಲ.

ಹಿಂದೆ ಸರಿದರು ಎಂದು ಬೈಯುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅವರು ನಡುವಿನ ಒಂದು ಸಂಗತಿ ಮರೆಯುತ್ತಾರೆ. 2019ರಲ್ಲಿ 'ಲೆಗಸಿ ಆಫ್ ದಿ ಡಾರ್ಕ್ ಲ್ಯಾಂಡ್ಸ್' ಬಂತು. ಹೆಸರು ಬ್ಲೈಂಡ್ ಗಾರ್ಡಿಯನ್ ಟ್ವೈಲೈಟ್ ಆರ್ಕೆಸ್ಟ್ರಾ. ಗಿಟಾರಿಲ್ಲ, ಬ್ಯಾಂಡಿನ ಡ್ರಮ್ಮಿಲ್ಲ. ಹ್ಯಾನ್ಸಿಯ ದನಿ, ಅದರ ಹಿಂದೆ ಪೂರ್ತಿ ವಾದ್ಯವೃಂದ. ಜರ್ಮನ್ ಕಾದಂಬರಿಕಾರ ಮಾರ್ಕುಸ್ ಹೈಟ್ಸ್ ಕಥೆಗೆ ಕೈ ಜೋಡಿಸಿದ್ದರು. ತೊಂಬತ್ತರ ದಶಕದಿಂದಲೇ ಹ್ಯಾನ್ಸಿ ಮತ್ತು ಆಂಡ್ರೆ ಇದನ್ನು ಕೂಡಿಸುತ್ತಾ ಬಂದಿದ್ದರು. ಅಂದರೆ ಇಷ್ಟು ಕಾಲ ಮುಖ್ಯ ಬ್ಯಾಂಡಿನೊಳಗೆ ನುಗ್ಗುತ್ತಿದ್ದ ಆರ್ಕೆಸ್ಟ್ರಾದ ಆಸೆಗೆ ಒಂದು ಪ್ರತ್ಯೇಕ ಮನೆ ಸಿಕ್ಕಿತು. ಆ ಮೇಲೆ ಗಿಟಾರಿನ ಆಲ್ಬಮ್ ಬರುವುದು ಸಹಜ ಅಲ್ವಾ? ಇದರಲ್ಲಿ ಹೆದರಿ ಹಿಂದೋಡಿದ್ದು ಎಲ್ಲಿ ಬಂತು?

ಆ 2019ರ ಆಲ್ಬಮ್ಮಿಗೂ ಗಿಟಾರ್ ಎಲ್ಲಿ ಎಂದು ಬೈಗುಳ ಬಿತ್ತು. ತಾಳಮದ್ದಳೆಗೆ ಬಂದು ಕಿರೀಟ ಎಲ್ಲಿ, ಗೆಜ್ಜೆ ಎಲ್ಲಿ ಎಂದು ಕೇಳಿದರೆ ಹೇಗಿರುತ್ತದೆ? ಅದೇ ಪ್ರಸಂಗ, ಅದೇ ಭಾಗವತರು. ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು, ಕೇಳಲು ಜನ ಊರೂರು ಹೋಗುತ್ತಿದ್ದರು. ಅವರು ಬಿಳಿ ಪಂಚೆಯಲ್ಲಿ ಕೂತು ವಾಲಿಯಾಗುತ್ತಿದ್ದರು. ಆಟಕ್ಕೆ ಆಟದ ನ್ಯಾಯ, ಕೂಟಕ್ಕೆ ಕೂಟದ ನ್ಯಾಯ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹಾಗೆಂದು ಆ ಆಲ್ಬಮ್ ನನಗೆ ಹಿಡಿಸಿತು ಎಂದು ತಿಳಿಯಬೇಡಿ. ಹಾಡುಗಳ ನಡುವೆ ನಾಟಕದ ಮಾತುಗಳನ್ನು ತುರುಕಿದ್ದಾರೆ. ಕೂಟದಲ್ಲಿ ಮಾತೇ ಊಟ, ಇಲ್ಲಿ ಅದು ಅಡ್ಡ ಬಾಗಿಲು. ಎರಡು ಹಾಡು ಕೇಳಿ ಒಂದು ಹದಕ್ಕೆ ಬರುವಷ್ಟರಲ್ಲಿ ಯಾರೋ ಪಿಸುಗುಡುತ್ತಾ ಬಂದುಬಿಡುತ್ತಾರೆ.

ಈಗ ಎರಡು ಕಡೆಯ ರೀತಿಗಳ ವಿಷಯ. ನಮ್ಮಲ್ಲಿ 'ಪಂಚವಟಿ' ಪ್ರಸಂಗ ಯಾರ ಸೊತ್ತೂ ಅಲ್ಲ. ದೀಪಾವಳಿ ಕಳೆದು ಹೊರಟ ಮೇಳ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಅದೇ ಕಥೆ ಎಷ್ಟೋ ಗದ್ದೆಗಳಲ್ಲಿ, ಎಷ್ಟೋ ಶೂರ್ಪನಖಿಯರ ಜೊತೆ ನಡೆಯುತ್ತದೆ. ನಿನ್ನೆ ನೀರ್ಚಾಲಿನಲ್ಲಿ ಕೆಟ್ಟರೆ ನಾಳೆ ಪೆರ್ಲದಲ್ಲಿ ಸರಿಯಾಗಬಹುದು. 'ನಿನ್ನೆ ಬಿದ್ದು ಹೋಯಿತು ಮಾರಾಯ' ಎಂದು ಚಹಾದ ಅಂಗಡಿಯಲ್ಲಿ ಬೈದವನೇ ಮರುದಿನ ಬೈಕು ಹತ್ತುತ್ತಾನೆ. ಪ್ರಸಂಗ ಹಾಳಾಯಿತು ಎಂದು ಯಾರೂ ಹೇಳುವುದಿಲ್ಲ. ಆವತ್ತಿನ ರಾತ್ರಿ ಹಾಳಾಯಿತು, ಅಷ್ಟೇ. ಮೆಟಲ್‌ನವರಿಗೆ ಈ ಸೌಲಭ್ಯ ಇಲ್ಲ. ರೆಕಾರ್ಡು ಒಮ್ಮೆ ಅಚ್ಚಾದರೆ ಅಚ್ಚಾಯಿತು. 1995ರ ಆಲ್ಬಮ್ ಇವತ್ತಿಗೂ ಅದೇ ಗಟ್ಟಿತನದಲ್ಲಿ ಪಕ್ಕದಲ್ಲಿ ಕೂತಿರುತ್ತದೆ. ಪ್ರತಿ ಹೊಸ ಆಲ್ಬಮ್ಮೂ ಅದರ ಪಕ್ಕದಲ್ಲಿ ನಿಂತು ಎತ್ತರ ಅಳೆಸಿಕೊಳ್ಳಬೇಕು. ಬಲಿಪ ಅಜ್ಜನ ಪದ ಕೇಳಿದವರು ಇವತ್ತು ಎಷ್ಟು ಜನ ಇದ್ದಾರೆ? ಅವರ ನೆನಪಿನ ಜೊತೆ ಹೋಲಿಸಬಹುದು, ಅಜ್ಜನ ಆ ರಾತ್ರಿಯನ್ನು ಮತ್ತೆ ಹಾಕಿ ತೋರಿಸಲಿಕ್ಕಾಗುವುದಿಲ್ಲ. ನೆನಪು ಸ್ವಲ್ಪ ಉದಾರಿ, ಅದನ್ನು ಮೀರಿಸುವುದು ಕಷ್ಟ. ಆದರೆ ಕೈಯಲ್ಲಿ ಸಾಕ್ಷಿ ಇಲ್ಲದ್ದರಿಂದ ಕಿರಿಯ ಭಾಗವತನಿಗೂ ಬದುಕಲು ಜಾಗ ಸಿಗುತ್ತದೆ.

ಇನ್ನೊಂದು ವ್ಯತ್ಯಾಸ ಹಣದ್ದು. ನಮ್ಮಲ್ಲಿ ಹರಕೆ ಆಟ ಬೇರೆ, ಟಿಕೆಟಿನ ಡೇರೆ ಆಟ ಬೇರೆ. ಹರಕೆ ಆಟದಲ್ಲಿ 'ದೇವೀಮಹಾತ್ಮೆ' ಆಡಿಸುವುದು ಯಾರದೋ ಹರಕೆಗೆ. ಪ್ರೇಕ್ಷಕನ ಕಿಸೆಗೆ ಕೈ ಹಾಕುವಂತಿಲ್ಲ, ಹಾಗಾಗಿ ಕಥೆ ಹಳತಾಯಿತು ಎಂಬ ದೂರೂ ಇಲ್ಲ. ಡೇರೆ ಮೇಳಗಳಿಗೆ ಮಾತ್ರ ಜನ ಟಿಕೆಟು ತೆಗೆಯಬೇಕಿತ್ತು. ಅದಕ್ಕೇ ವರ್ಷ ವರ್ಷ ಹೊಸ ಪ್ರಸಂಗ, ತುಳು ಪ್ರಸಂಗ, ಕಾಲ್ಪನಿಕ ಕಥೆ. ಹೊಸ ಪ್ರಸಂಗಗಳ ಬಗ್ಗೆ ಆಗ ನಡೆದ ಜಗಳದ ಮುಂದೆ ಈ ಆಲ್ಬಮ್ ಜಗಳ ಏನೂ ಅಲ್ಲ. ಪಾಪ, ಬ್ಲೈಂಡ್ ಗಾರ್ಡಿಯನ್‌ನಂಥ ಹಳೇ ಬ್ಯಾಂಡ್ ಎರಡನ್ನೂ ಒಂದೇ ಹೆಗಲ ಮೇಲೆ ಹೊರಬೇಕು. ಆಲ್ಬಮ್ ಅಂದರೆ ಡೇರೆ ಆಟ, ಹೊಸತೇ ಬೇಕು. ವೇದಿಕೆ ಅಂದರೆ ಹರಕೆ ಆಟ, 1992ರ 'ದಿ ಬಾರ್ಡ್ಸ್ ಸಾಂಗ್' ಎಂಬ ಹಾಡನ್ನು ಸಭೆ ತಾನೇ ಹಾಡಿಬಿಡುತ್ತದೆ, ಹ್ಯಾನ್ಸಿ ಮೈಕ್ ಹಿಡಿದು ಸುಮ್ನೆ ನಿಂತರೂ ಸಾಕು. ಹೊಸ ಹಾಡಿಗೆ ಆ ನಡುವೆ ಜಾಗ ಸಿಗುವುದು ಎರಡೋ ಮೂರೋ.

ನಮ್ಮ ರೀತಿಯನ್ನು ಇಷ್ಟು ಹೊಗಳಿದೆ. ಅದರಲ್ಲಿ ನನಗೆ ಸೇರದ್ದೂ ಒಂದಿದೆ. ಕಲಾವಿದರ ಮುಖದ ಎದುರು ನಾವು ನಿಜ ಹೇಳುವುದಿಲ್ಲ. ವೇಷ ಕಟ್ಟುವ ಚೌಕಿಗೆ ಹೋಗಿ 'ಭಾರಿ ಲಾಯ್ಕಾಯಿತು' ಎನ್ನುತ್ತೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರ. ಎಲ್ಲ ಮುಗಿದು ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಬಾಯಿ ಬಿಚ್ಚುತ್ತೇವೆ. ಹೊಸ ಪ್ರಸಂಗ ಬರೆದವನಿಗೆ ಎಲ್ಲಿ ಕೆಟ್ಟಿತು ಎಂದು ಯಾರೂ ಹೇಳದೆ, ಮರುವರ್ಷ ಅದನ್ನು ಯಾರೂ ಆಡದೆ, ಅದು ಸತ್ತೇ ಹೋಗುತ್ತದೆ. ಮೆಟಲ್ ಅಭಿಮಾನಿಗಳು ಹಾಗಲ್ಲ. ಹಾಡು ಹಾಡಾಗಿ ಬಿಡಿಸುತ್ತಾರೆ. ಈ ಜಾಗದಲ್ಲಿ ಡ್ರಮ್ ದನಿಯನ್ನು ನುಂಗಿತು, ಆ ಜಾಗದಲ್ಲಿ ಪಲ್ಲವಿ ಒಂದು ಸಲ ಜಾಸ್ತಿ ಬಂತು ಎನ್ನುತ್ತಾರೆ. ಒರಟು, ಕೆಲವೊಮ್ಮೆ ಕ್ರೂರ. ಆದರೆ ಕಿವಿ ಕೊಟ್ಟು ಕೇಳಿದ ಮೇಲಿನ ಮಾತು.

ನಮ್ಮ ಜಿಲ್ಲೆಯೊಳಗೇ ಈ ವ್ಯತ್ಯಾಸ ಇದೆ. ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡಿನ ಕಡೆ ಹೋದರೆ ವಾದದ ಧಾಟಿಯೇ ಬೇರೆ. ಅಲ್ಲಿ ನನಗೊಬ್ಬ ಮಲಯಾಳಿ ಗೆಳೆಯ ಇದ್ದಾನೆ, ನನಗಿಂತ ದೊಡ್ಡ ಮೆಟಲ್ ಹುಚ್ಚ. ಅವರ ಊರಿನ ಕ್ಲಬ್ಬು, ವಾಚನಾಲಯಗಳಲ್ಲಿ ಚರ್ಚೆ ಮಾಡಿಯೇ ಬೆಳೆದವನು. ಅವನಿಗೆ ಅಭಿಪ್ರಾಯಭೇದ ಅಂದರೆ ಮುಜುಗರದ ವಿಷಯವೇ ಅಲ್ಲ. 'ನಿನಗೆ 2002ರ ಆಲ್ಬಮ್ ಇಷ್ಟ ಆಗುವುದು ನೀನು ಬುದ್ಧಿವಂತ ಅಂತ ತೋರಿಸಿಕೊಳ್ಳಲಿಕ್ಕೆ' ಎಂದು ನನ್ನ ಮನೆಯ ಪಾಯಸ ಕುಡಿಯುತ್ತಲೇ ಹೇಳಿದ. ನಮ್ಮವರು ಯಾರಾದರೂ ಆಗಿದ್ದರೆ 'ಅದೂ ಒಳ್ಳೆಯದೇ ಮಾರಾಯ' ಎಂದು ಲೋಟ ಕೆಳಗಿಡುತ್ತಿದ್ದರು.

ಬೆಂಗಳೂರಿನವರದ್ದು ಮೂರನೇ ರೀತಿ. ಅಲ್ಲಿಯ ಮೆಟಲ್ ಮಂದಿಗೆ ಅನುಭವ ಇದೆ, ಒಪ್ಪೋಣ. 2007ರಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಿತ್ತು. 2012ರಲ್ಲಿ ಬೆಂಗಳೂರು ಓಪನ್ ಏರ್ ಶುರುವಾದಾಗ ಜರ್ಮನಿಯ ಕ್ರಿಯೇಟರ್ ಬಂತು. ನಮಗೆ ಹಾಗೇನಿದೆ? ಆದರೆ ಅಳಿಯನ ಸ್ನೇಹಿತರ ಮಾತು ಕೇಳಿದರೆ ಅರ್ಧ ಹೊತ್ತು ಯಾರು ಯಾವಾಗಿನಿಂದ ಕೇಳುತ್ತಿದ್ದಾರೆ, ಯಾರ ಬಳಿ ಯಾವ ಟೀ ಶರ್ಟ್ ಇದೆ ಎಂಬುದರಲ್ಲೇ ಹೋಗುತ್ತದೆ. ಹಳಬನಿಗೆ ಹೊಸ ಆಲ್ಬಮ್ ಹಿಡಿಸಬಾರದು ಎಂಬ ಅಲಿಖಿತ ನಿಯಮ ಬೇರೆ. ಅಳಿಯನಿಗೆ ಹಿಡಿಸಿದೆ, ಹೇಳಲು ಹಿಂಜರಿಯುತ್ತಾನೆ. ಹುಟ್ಟುವ ಮೊದಲು ಬಂದ ಆಲ್ಬಮ್ಮನ್ನು ನೆನೆದು ಅವನು ಯಾಕೆ ನಿಟ್ಟುಸಿರು ಬಿಡಬೇಕು? ಅವನ ಮಟ್ಟಿಗೆ 'ದಿ ಗಾಡ್ ಮಷೀನ್' ಮೊದಲ ಪ್ರಸಂಗ. ಅವನು ಅದರಿಂದಲೇ ಶುರು ಮಾಡಲಿ. ರಾತ್ರಿ ಹತ್ತರ ಧ್ವನಿವರ್ಧಕದ ನಿಯಮ ಬಂದು ಹಲವು ಮೇಳಗಳು ಕಾಲಮಿತಿಗೆ ಇಳಿದ ಮೇಲೆ ಆಟ ನೋಡಲು ಶುರು ಮಾಡಿದ ಹುಡುಗರೂ ಇದ್ದಾರೆ. ಇಡೀ ರಾತ್ರಿ ನೋಡದವನು ಆಟ ನೋಡಿದವನೇ ಅಲ್ಲ ಎಂದು ಅವರಿಗೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈ ನಡುವೆ ಬ್ಯಾಂಡಿನವರೇ ಒಂದು ಕೆಲಸ ಮಾಡಿದ್ದಾರೆ. 1992ರ 'ಸಮ್‌ವೇರ್ ಫಾರ್ ಬಿಯಾಂಡ್' ಆಲ್ಬಮ್ಮನ್ನು 2024ರಲ್ಲಿ ಈಗಿನ ಜನರನ್ನಿಟ್ಟುಕೊಂಡು ಪೂರ್ತಿ ಹೊಸದಾಗಿ ನುಡಿಸಿ ತಂದರು. ಹ್ಯಾನ್ಸಿಯ ದನಿ ಈಗ ದಪ್ಪಗಾಗಿದೆ, ಡ್ರಮ್‌ನಲ್ಲಿ 2005ರಿಂದ ಇರುವ ಫ್ರೆಡೆರಿಕ್ ಎಮ್ಕೆ. ಕಾಞಂಗಾಡಿನ ಗೆಳೆಯನಿಗೆ ಇದು ಸುತರಾಂ ಒಪ್ಪಿಗೆ ಇಲ್ಲ. ಹಳೆಯದು ಇರುವಾಗ ಅದನ್ನೇ ಮತ್ತೆ ಯಾಕೆ ಎಂದು ಅವನ ಪ್ರಶ್ನೆ. ನಾನು ಕೇಳಿದೆ, ನಿಮ್ಮ ದೈವದ ಕಾವಿನಲ್ಲಿ, ಆ ಬನದಲ್ಲಿ, ಪ್ರತಿ ವರ್ಷ ಅದೇ ತೆಯ್ಯಂ ಕಟ್ಟುವುದಿಲ್ವಾ? 'ಅದು ದೈವ, ಇದು ವ್ಯಾಪಾರ' ಅಂದ. ವ್ಯಾಪಾರವೇ ಇರಲಿ. ಅಚ್ಚಾದದ್ದನ್ನು ಮತ್ತೆ ಕೈಗೆತ್ತಿಕೊಳ್ಳಬಹುದು ಎಂದು ಅವರಿಗೆ ಹೊಳೆದದ್ದು ನನಗೆ ಖುಷಿ. ಎರಡನ್ನೂ ಕೇಳಿ, ಮೊನ್ನೆಯದು ಚೆನ್ನಾಗಿತ್ತೋ ಇವತ್ತಿನದೋ ಎಂದು ಹೇಳಬಹುದು. ಅದು ನಮಗೆ ಬರುವ ಜಗಳ.

ಮುಂದೆ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಅವನೇ ಕೇಳಿದ. ಅವನಿಗೆ 'ನೈಟ್‌ಫಾಲ್' ಬೇಕಂತೆ, ಬೇಡ ಬೇಡ ಎನ್ನುತ್ತಲೇ. ನಾನು 2002ರದ್ದು ಎಂದೆ. ದನಿಗಳನ್ನು ಅರ್ಧಕ್ಕೆ ಇಳಿಸಿ, ಗಿಟಾರಿಗೆ ಸ್ವಲ್ಪ ಗಾಳಿ ಕೊಟ್ಟು, ಟ್ರಾಯ್ ಹಾಡನ್ನು ಎಮ್ಕೆಯ ಕೈಯಲ್ಲಿ ನುಡಿಸಿದರೆ ಆವತ್ತು ಎದ್ದು ಹೋದವರಲ್ಲಿ ಕೆಲವರಾದರೂ ಕೂತು ಕೇಳಿಯಾರು. ಅವನು ನಕ್ಕ. ಮೊದಲ ಸಲವೇ ಯಾರೂ ಕೇಳದ ಆಲ್ಬಮ್ಮನ್ನು ಎರಡನೇ ಸಲ ಮಾಡಿದರೆ ಅದಕ್ಕೆ ರೀಮೇಕ್ ಅಂತಾರಾ, ಹೊಸ ಆಲ್ಬಮ್ ಅಂತಾರಾ ಎಂದು ಕೇಳಿದ. ಬರುವ ತಿಂಗಳು ಅವರ ಮನೆಗೆ ಊಟಕ್ಕೆ ಕರೆದಿದ್ದಾನೆ. ಉತ್ತರ ಯೋಚಿಸುತ್ತಾ ಇದ್ದೇನೆ.